ಅಜ್ಜಾರ ಕೋಲು, ನನ್ನ ಕಾಲು

ಖ್ಹೂಂ... ಖ್ಹೂಂ... ಹಾಂ.

ಮೊದಲು ಕೆಮ್ಮು ಬರುತ್ತಿತ್ತು. ಆಮೇಲೆ ಕೋಲಿನ 'ಟಕ್'. ಅದರ ನಂತರವೇ ಮನುಷ್ಯ. ವೇದಿಕೆಯ ಸೈಡ್ ವಿಂಗಿನ ಕತ್ತಲಲ್ಲಿ ಎರಡು ಒಣ ಕೆಮ್ಮು, ನಡುವೆ ಉಸಿರು ಹುಡುಕಿಕೊಳ್ಳುವಷ್ಟು ಹೊತ್ತು, ಕೊನೆಗೆ ಗದ್ದ ಮೇಲೆತ್ತಿ ಒಂದು 'ಹಾಂ'. ಇನ್ನೂ ಇದ್ದೇನಪ್ಪಾ, ಗಾಬರಿಯಾಗಬೇಡಿ ಎಂದು ಊರಿಗೆಲ್ಲ ತಿಳಿಸಿದ ಹಾಗೆ. ದಾದರಿನ ಆ ಶಾಲೆಯ ಹಾಲ್‌ನಲ್ಲಿ ಮಡಚುವ ಕುರ್ಚಿಗಳ ಮೇಲೆ ಕುಳಿತ ಜನ, ಮುದುಕ ಕಣ್ಣಿಗೆ ಬೀಳುವ ಮೊದಲೇ ಚಾಚಿದ್ದ ಕಾಲು ಎಳೆದುಕೊಂಡು ನೆಟ್ಟಗೆ ಕೂರುತ್ತಿದ್ದರು. ಮನೆಗೆ ಹಿರಿಯರು ಬಂದರೆ ಕೂರುತ್ತೇವಲ್ಲ, ಹಾಗೆ.

ಆ ಮುದುಕನಿಗೆ ಆಗ ಇಪ್ಪತ್ತೇಳು ವರ್ಷ.

ಅದೇ ಕೆಮ್ಮು ಮೊನ್ನೆ ಚೆಂಬೂರಿನ ಮೂಳೆ ಡಾಕ್ಟರ ವೇಟಿಂಗ್ ರೂಮಿನಲ್ಲಿ ಮತ್ತೆ ಕೇಳಿಸಿತು. ಯಾರಪ್ಪಾ ಇಷ್ಟು ಪರ್ಫೆಕ್ಟ್ ಆಗಿ ಕೆಮ್ಮುವವರು ಎಂದು ತಿರುಗಿ ನೋಡಿದೆ. ಹಿಂದೆ ಗೋಡೆ. ಕೆಮ್ಮಿದ್ದು ನಾನೇ. 'ಹಾಂ' ಮಾತ್ರ ಬರಲಿಲ್ಲ.

ಡಾಕ್ಟರು ಇನ್ನೂ ಹಾಲುಗಲ್ಲದವರು. ನನ್ನ ಮಂಡಿಯ ಎಕ್ಸ್‌ರೇ ಬೆಳಕಿಗೆ ಹಿಡಿದು, "ಆಂಟೀ, ಸ್ಟಿಕ್ ಲೇನಾ ಪಡೇಗಾ. ಅಭೀ ಗಿರೇ ತೋ ಹಿಪ್ ಗಯಾ ಸಮ್ಝೋ," ಎಂದರು. ಎಪ್ಪತ್ತನಾಲ್ಕರ ನನ್ನನ್ನು ಆಂಟಿ ಎಂದರಲ್ಲ ಎಂಬ ಸಂತೋಷದಲ್ಲಿ, ಕೋಲು ಹಿಡಿಯಲೇಬೇಕು, ಬಿದ್ದರೆ ಸೊಂಟ ಹೋಯಿತು ಎಂಬ ಉಳಿದ ವಾಕ್ಯ ನನ್ನ ಕಿವಿಗೆ ಬೀಳಲಿಲ್ಲ. ಬಿದ್ದದ್ದು ಸೊಸೆ ಮಾನಸಿಯ ಕಿವಿಗೆ. ಅವಳು ಸಾತಾರಾ ಕಡೆಯ ಮರಾಠಿ ಹುಡುಗಿ, ಕೇಳಿದ್ದನ್ನು ಮಾಡಿ ಮುಗಿಸುವವಳು. ಸಂಜೆಯೊಳಗೆ ಮನೆಗೆ ನಾಲ್ಕು ಪಾದದ ಅಲ್ಯೂಮಿನಿಯಂ ಕೋಲೊಂದು ಬಂತು. ನೋಡಿದರೆ ಕೋಲು ಅನ್ನಿಸುವುದಿಲ್ಲ, ಯಾರೋ ಸ್ಟೂಲಿನ ಮೇಲುಭಾಗ ಕದ್ದುಕೊಂಡು ಹೋಗಿದ್ದಾರೆ ಅನ್ನಿಸುತ್ತದೆ.

"ಇದು ನನಗೆ ಬೇಡ," ಎಂದೆ.

"ತರ್ ಹೀ ಕಾಠೀ ಘ್ಯಾ ನಾ, ಅಮ್ಮಾ," ಹಾಗಾದರೆ ಈ ಕೋಲು ಹಿಡಿಯಿರಿ ಎಂದು ಅವಳು ಗೋಡೆಯ ಕಡೆ ಕೈ ತೋರಿಸಿದಳು. "ಇಷ್ಟು ಛಾನ್, ಇಷ್ಟು ಚೆಂದ ಇದೆ. ಸುಮ್ಮನೆ ಶೋಪೀಸ್ ಮಾಡಿ ಇಟ್ಟಿದ್ದೀರಿ."

ಟಿವಿಯ ಮೇಲಿನ ಗೋಡೆಯಲ್ಲಿ, ಎರಡು ಮೊಳೆಗಳ ಮೇಲೆ ಅದು ಮಲಗಿದೆ. ತೇಗದ ಕೋಲು, ಬಾಗಿದ ಹಿಡಿ, ತುದಿಗೆ ಹಿತ್ತಾಳೆಯ ಟೋಪಿ. ದೀಪಾವಳಿಗೆ ಅದರ ಸುತ್ತ ಸೀರಿಯಲ್ ಲೈಟ್ ಕೂಡ ಸುತ್ತುತ್ತೇವೆ.

"ಅದೂ ಬೇಡ. ಅದು ನನ್ನದಲ್ಲ."

"ಮತ್ತೆ ಯಾರದ್ದು?"

"ಅಜ್ಜಾರದು."

"ನಿಮ್ಮ ಅಜ್ಜನದಾ?"

"ಅಲ್ಲಮ್ಮ. ನನಗಿಂತ ಏಳೇ ವರ್ಷಕ್ಕೆ ದೊಡ್ಡವರು."

ಮಾನಸಿ ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿದಳು.

ಅವಳಿಗೆ ಹೇಳದೆ ಉಳಿಸಿದ್ದನ್ನು ನಿಮಗೆ ಹೇಳುತ್ತೇನೆ. ಮಂಡಿ ಸವೆದ ಮುದುಕಿ, ಕಣ್ಣೆದುರು ಇಷ್ಟು ಒಳ್ಳೆಯ ಕೋಲಿದ್ದೂ ಏಳು ವರ್ಷ ಅದನ್ನೇಕೆ ಊರಲಿಲ್ಲ? ವ್ಯಾನಿಟಿ ಎಂದು ನೀವು ಬರೆದರೆ ಅರ್ಧ ಮಾರ್ಕು ಕೊಡುತ್ತೇನೆ. ಉಳಿದರ್ಧಕ್ಕೆ ಸ್ವಲ್ಪ ತಾಳಬೇಕು. ನನ್ನ ತಲೆ ಈಗ ಸ್ಲೋ ಲೋಕಲ್, ಎಲ್ಲ ಸ್ಟೇಷನ್ನಿನಲ್ಲೂ ನಿಂತೇ ಹೋಗುವುದು.

ನಮ್ಮ ತಂದೆ ಮೈಸೂರಿನವರು. ಚೆಂಬೂರಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ. ಮಗಳು ದೊರೆಸಾನಿಯ ಹಾಗೆ ಮಾತಾಡಬೇಕೆಂದು ಕಾನ್ವೆಂಟಿಗೆ ಹಾಕಿದರು. ನಾನು ಹಾಗೇ ಮಾತಾಡತೊಡಗಿದೆ. ಅದೇ ತೊಂದರೆಯಾಯಿತು. ಕನ್ನಡ ಎನ್ನುವುದು ನನಗೆ ಬೈಸಿಕೊಳ್ಳುವ ಮತ್ತು ಬಡಿಸಿಕೊಳ್ಳುವ ಭಾಷೆಯಾಗಿ ಮಾತ್ರ ಉಳಿಯಿತು. 'ಳ' ಅಕ್ಷರವಂತೂ ನನ್ನ ನಾಲಿಗೆಗೆ ಫಾರಿನ್ ಗೂಡ್ಸ್. ಸ್ಟೇಜ್ ಅನುಭವ ಏನು ಎಂದರೆ, ಸಿಸ್ಟರುಗಳು ಮಾಡಿಸಿದ ಕ್ರಿಸ್‌ಮಸ್ ಟ್ಯಾಬ್ಲೋದಲ್ಲಿ ನಾನು ಥರ್ಡ್ ಶೆಪರ್ಡ್. ಕೈಯಲ್ಲಿ ಪೊರಕೆ ಕೋಲು, ಮುಖಕ್ಕೆ ಹತ್ತಿಯ ಗಡ್ಡ. ನನಗಿದ್ದದ್ದು ಒಂದೇ ಶಬ್ದ, "ಬಿಹೋಲ್ಡ್!" ಬಾಯಿ ತೆರೆದದ್ದೇ ಹತ್ತಿ ಒಳಗೆ ಹೋಯಿತು. ಬಿಹೋಲ್ಡ್ ಹೋಗಿ ಸೀನು ಬಂತು, ಗಡ್ಡ ಹಾರಿ ತೊಟ್ಟಿಲಲ್ಲಿದ್ದ ಕೂಸಿನ ಮೇಲೆ ಬಿತ್ತು. ಮುದುಕನ ಪಾತ್ರ ಎಷ್ಟು ಕಷ್ಟ ಎಂಬುದು ನನಗೆ ಆರನೆಯ ಕ್ಲಾಸಿನಲ್ಲೇ ತಿಳಿದಿತ್ತು ಎನ್ನಲು ಇದನ್ನು ಹೇಳಿದೆ.

ಬಿ.ಎ. ಮುಗಿದ ಮೇಲೆ ತಂದೆಗೆ ದಿಗಿಲಾಯಿತು. ಕನ್ನಡ ಬಾರದ ಹುಡುಗಿಯನ್ನು ಮೈಸೂರಿನ ಕಡೆ ಯಾರು ಮದುವೆಯಾಗುತ್ತಾರೆ? ಒಂದು ಭಾನುವಾರ ಮಧ್ಯಾಹ್ನ ನನ್ನನ್ನು ದಾದರಿನ ಕನ್ನಡ ನಾಟಕ ಮಂಡಳಿಗೆ ಕರೆದುಕೊಂಡು ಹೋಗಿ, ಕೊಡೆ ರಿಪೇರಿಗೆ ಬಿಡುವ ಹಾಗೆ ಬಿಟ್ಟು ಬಂದರು.

ಅಲ್ಲಿನ ಡೈರೆಕ್ಟರು ವಾಸುಮಾಮ. ಕರಾವಳಿಯವರು, ವಾರದ ದಿನಗಳಲ್ಲಿ ಆಫೀಸ್ ಕ್ಯಾಂಟೀನಿನ ಮ್ಯಾನೇಜರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹುಡುಗಿ ಲಾಯ್ಕ ಉಂಟು, ಹೀರೋಯಿನ್ ಮಾಡುವ," ಎಂದರು. ಹೀರೋಯಿನ್ನಿನ ಮೊದಲ ಮಾತು, 'ಅಯ್ಯೋ, ನನ್ನ ಬಾಳು ಹಾಳಾಯಿತು!' ಎಲೊಕ್ಯೂಷನ್ನಿನಲ್ಲಿ ಕಪ್ ಗೆದ್ದ ಹುಡುಗಿ ನಾನು. ಎದೆ ತುಂಬ ಉಸಿರೆಳೆದು, ಕೈ ಚಾಚಿ, ಹಾಲ್ ಅದುರುವಂತೆ ಕೂಗಿದೆ:

"ಅಯ್ಯೋ! ನನ್ನ ಬಾಲು ಹಾಲಾಯಿತು!"

ಹಾರ್ಮೋನಿಯಂ ಮುಂದೆ ಕುಳಿತಿದ್ದ ಐವತ್ತರ ಬಾಲು ಮಾಸ್ತರರು ಥಟ್ಟನೆ ಎದ್ದು ನಿಂತರು.

"ಎಂಥ ಸಾವು ಮಾರಾಯ್ತಿ ಇದು!" ಎಂದರು ವಾಸುಮಾಮ. "ಬಾಲು ಮಾಸ್ತರರು ಹಾಲಾದರೆ ನಮಗೆ ಪೆಟ್ಟಿಗೆ ಬಾರಿಸುವುದು ಯಾರು?"

ಹೀಗೆ ನನ್ನ ಹೀರೋಯಿನ್ ಜೀವನ ಐದು ನಿಮಿಷದಲ್ಲಿ ಮುಗಿದು, ನಾನು ಪ್ರಾಂಪ್ಟರ್ ಆದೆ. ಪರದೆಯ ಮರೆಯಲ್ಲಿ ನಿಂತು, ಮಾತು ಮರೆತವರಿಗೆ ಪುಸ್ತಕ ನೋಡಿ ಪಿಸುಗುಟ್ಟುವ ಕೆಲಸ. "ಓದಿದವಳಲ್ಲವಾ, ಓದಲಿಕ್ಕೆ ಬರ್ತದೆ," ಎಂದು ವಾಸುಮಾಮ ನಿಶ್ಚಿಂತೆಯಿಂದ ಪುಸ್ತಕ ಕೊಟ್ಟರು. ಕನ್ನಡ ಓದಲು ಬರುವುದಿಲ್ಲ ಎಂದು ನಾನು ಹೇಳಲಿಲ್ಲ. ಹೋಂವರ್ಕ್ ಮಾಡಿಲ್ಲವೆಂದು ಒಪ್ಪಿಕೊಳ್ಳುವುದನ್ನು ಕಾನ್ವೆಂಟ್ ನನಗೆ ಕಲಿಸಿರಲಿಲ್ಲ. ಮನೆಯಲ್ಲಿ ಅಮ್ಮ ಒಂದೊಂದೇ ಸಾಲು ಓದಿ ಹೇಳಿದರು, ನಾನು ಇಡೀ ನಾಟಕವನ್ನು ಎಬಿಸಿಡಿಯಲ್ಲಿ ಬರೆದುಕೊಂಡೆ. ಈಗ ವಾಟ್ಸಾಪಿನಲ್ಲಿ ಊರೆಲ್ಲ ಹಾಗೇ ಕನ್ನಡ ಬರೆಯುತ್ತದೆ. ನಾನು ಕಾಲಕ್ಕಿಂತ ಐವತ್ತು ವರ್ಷ ಮುಂದಿದ್ದೆ, ಯಾರೂ ಗುರುತಿಸಲಿಲ್ಲ.

ಆ ಮೊದಲ ಭಾನುವಾರವೇ ಗದಗಿನ ಕಡೆಯ ಒಬ್ಬ ಯುವಕ ಹಾಲ್‌ನ ಮೂಲೆಯಿಂದ ನನ್ನನ್ನು ಕರೆದ. ದಟ್ಟ ಕಪ್ಪು ಕೂದಲು, ಉಗುರಿನ ಸಂದಿಯಲ್ಲಿ ಗ್ರೀಸು.

"ಬಾಯಾರ!"

ಪಾಪ ಎಂದುಕೊಂಡು ಒಂದು ಲೋಟ ನೀರು ತಂದುಕೊಟ್ಟೆ. ಕುಡಿದ. ಮತ್ತೆ, "ಬಾಯಾರ, ಇಲ್ಲೆ ನೋಡ್ರಿ..." ಎಂದ. ಇನ್ನೊಂದು ಲೋಟ ತಂದೆ. ಅದನ್ನೂ ಕುಡಿದ. ಮೂರನೆಯ ಲೋಟ ತರುವಾಗ ಅವನು ಎರಡೂ ಕೈ ಜೋಡಿಸಿದ. "ಸಾಕ್ರೀ! ನಾ ನಿಮ್ಮನ್ನ ಕರದೆ. ನಮ್ಮ ಕಡೆ ಓದಿದ ಹೆಣ್ಣಮಕ್ಕಳಿಗೆ ಬಾಯಾರ ಅಂತೀವ್ರಿ. ನನಗ ಬಾಯಾರಿಲ್ಲ!"

ಅವರೇ ಗುರುಪಾದಪ್ಪ. ಜೋಗೇಶ್ವರಿಯ ಸಣ್ಣ ವರ್ಕ್‌ಶಾಪಿನಲ್ಲಿ ಫಿಟ್ಟರ್. ಇಡೀ ಮಂಡಳಿಗೆ ಅವರು 'ಅಜ್ಜಾರು'. ಮೊದಲ ನಾಟಕದಿಂದಲೂ ಅವರಿಗೆ ಮುದುಕನ ಪಾರ್ಟೇ. ಮಾವ, ಗೌಡ, ಪುರೋಹಿತ, ರಿಟೈರ್ಡ್ ಮಾಸ್ತರ, ಯಾರೇ ಆಗಲಿ, ಎಪ್ಪತ್ತು ದಾಟಿರಬೇಕು ಅಷ್ಟೆ. ಇಪ್ಪತ್ತರ ನಾನೂ ಅಜ್ಜಾರೇ ಎಂದೆ. ಕೊನೆಯವರೆಗೂ ಅವರು ನನಗೆ ಅಜ್ಜಾರು, ನಾನು ಅವರಿಗೆ ಬಾಯಾರ.

ಅವರು ಮುದುಕರನ್ನು ಕಲಿತದ್ದು ದಾದರ್ ಸ್ಟೇಷನ್ನಿನ ಬ್ರಿಜ್ಜಿನ ಮೇಲೆ. ಜೋಗೇಶ್ವರಿಯಿಂದ ಬಂದವರು ಅರ್ಧ ಗಂಟೆ ಮೆಟ್ಟಿಲಿನ ಬದಿಯಲ್ಲಿ ನಿಂತು, ಹತ್ತುವ ಇಳಿಯುವ ಮುದುಕರನ್ನೆಲ್ಲ ನೋಡುತ್ತಿದ್ದರು. ಆಮೇಲೆ ಅಲ್ಲೇ, ಜನರ ನಡುವೆಯೇ, ತಾವು ಹತ್ತಿ ನೋಡುತ್ತಿದ್ದರು. ಒಂದು ಕಾಲು ಇಟ್ಟು, ಎರಡನೆಯದನ್ನು ಅದರ ಪಕ್ಕಕ್ಕೆ ತಂದು, ಕಂಬಿ ಹಿಡಿದು, ಮೂರು ಮೆಟ್ಟಿಲಿಗೊಮ್ಮೆ ನಿಂತು. ಅವಸರದಲ್ಲಿದ್ದವರು ಕೂಡ, "ಬಾಬಾ, ಸಾವಕಾಶ್," ಎಂದು ದಾರಿ ಬಿಡುತ್ತಿದ್ದರು. ಮೇಲೆ ತಲುಪಿದ್ದೇ ತಡ, ಬಾಬಾ ದಡದಡ ಇಳಿದು ಮತ್ತೆ ಕೆಳಗಿನಿಂದ ಶುರು. ಕೆಳಗೆ ಕಾಯುತ್ತಿದ್ದ ನಾವು ಚಪ್ಪಾಳೆ ತಟ್ಟಿ "ವನ್ಸ್ ಮೋರ್!" ಎಂದು ಕೂಗುತ್ತಿದ್ದೆವು. ವನ್ಸ್ ಮೋರ್ ಎಂದರೆ ಅವರ ಕಡೆಯ ನಾಟಕಗಳಲ್ಲಿ ದೊಡ್ಡ ಬಿರುದು. ಇಂಗ್ಲಿಷಿನಲ್ಲಿ ಅವರಿಗೆ ಇಷ್ಟವಾಗಿದ್ದ ಎರಡೇ ಪದ.

"ಮುದುಕ ಕುರ್ಚಿ ನೋಡಿ ಕೂಡಂಗಿಲ್ರೀ, ಬಾಯಾರ," ಎಂದು ಒಮ್ಮೆ ಹೇಳಿಕೊಟ್ಟರು. "ಮೊದಲ ಹಿಂದಕ್ಕ ಸರದು ಮೀನಖಂಡದಿಂದ ಕುರ್ಚಿ ಮುಟ್ಟತಾನ. ಐತಿ ಅಂತ ಖಾತ್ರಿ ಆದಮ್ಯಾಲ ಕೂಡತಾನ. ಹರೇದ ಹುಡುಗರಿಗೆ ಕುರ್ಚಿ ಮ್ಯಾಲ ನಂಬಿಕಿ ಇರತೈತಿ. ಮುದುಕಗ ಯಾವುದರ ಮ್ಯಾಲೂ ಇರೂದುಲ್ಲ."

ಕೆಮ್ಮಿನಲ್ಲೂ ಬಗೆಗಳಿದ್ದವು. ಗೌಡನ ಕೆಮ್ಮು ಎದೆಯಿಂದ, ಪುರೋಹಿತನದು ಮೂಗಿನಿಂದ. ಸೊಸೆ ಇರುವ ಅಡುಗೆಮನೆಗೆ ಹೋಗುವ ಮುಂಚೆ ಮಾವ ಕೆಮ್ಮುವುದು ಬೇರೆ, ಹೋಗಿ ಯಾರೂ ಮಾತಾಡಿಸದೆ ಹಿಂದೆ ಬಂದಾಗಿನದು ಬೇರೆ. ಇವಲ್ಲದೆ ನನಗೆ ಮಾತ್ರ ತಿಳಿದ ಕೆಮ್ಮೊಂದಿತ್ತು. ಎರಡು ಕೆಮ್ಮಿನ ಕೊನೆಗೆ 'ಹಾಂ' ಬಂದರೆ ಅದು ಪಾತ್ರದ ಕೆಮ್ಮು. 'ಹಾಂ' ಇಲ್ಲದೆ ಬರೀ ಎರಡು ಕೆಮ್ಮಿದರೆ, ಮಾತು ಮರೆತಿದೆ, ಪ್ರಾಂಪ್ಟ್ ಕೊಡಿ ಎಂದು. ಪ್ರೇಕ್ಷಕರಿಗೆ ಅದು ಎಂದೂ ಗೊತ್ತಾಗಲಿಲ್ಲ. ಮುದುಕನಲ್ಲವೇ, ಕೆಮ್ಮುತ್ತಾನೆ ಎಂದುಕೊಳ್ಳುತ್ತಿದ್ದರು.

ಕೋಲು ಅವರ ಕೈಯದೇ ಕೆಲಸ. ತೇಗದ ತುಂಡು ಎಲ್ಲಿಂದಲೋ ತಂದು, ತುದಿಯ ಹಿತ್ತಾಳೆ ಟೋಪಿಯನ್ನು ವರ್ಕ್‌ಶಾಪಿನ ಲೇತ್ ಮೇಲೆ ತಾವೇ ಕಡೆದಿದ್ದರು. ನಾಟಕದ ದಿನ ಅದನ್ನು ಪೇಪರಿನಲ್ಲಿ ಸುತ್ತಿ ಲೋಕಲ್‌ನಲ್ಲಿ ತರುವರು, ಮುಗಿದ ಮೇಲೆ ಸುತ್ತಿಕೊಂಡು ಒಯ್ಯುವರು. ಕೋಲನ್ನು ಯಾವ ಕಾಲು ನೋಯುತ್ತದೋ ಅದರ ಎದುರು ಕೈಯಲ್ಲಿ ಹಿಡಿಯಬೇಕು ಎಂದು ನನಗೆ ಹೇಳಿಕೊಟ್ಟವರೂ ಅವರೇ. ಮೊನ್ನೆ ಡಾಕ್ಟರು ಅದನ್ನೇ ಹೊಸ ಸಂಶೋಧನೆಯಂತೆ ಹೇಳಿದಾಗ, "ಐ ಹ್ಯಾವ್ ನೋನ್ ದಿಸ್ ಸಿನ್ಸ್ ಐ ವಾಸ್ ಟ್ವೆಂಟಿ," ಎಂದು ಬೀಗಿದೆ. "ದೆನ್ ವೈ ಡೋಂಟ್ ಯು ಡೂ ಇಟ್, ಆಂಟಿ?" ಎಂದರು. ಬುದ್ಧಿವಂತ ಡಾಕ್ಟರುಗಳು ನನಗೆ ಇಷ್ಟವಿಲ್ಲ.

ಒಂದು ಸಲ ಹೀರೋ ಆಗಿದ್ದವನು ಮದುವೆಯಾಗಿ ಸೂರತ್ತಿಗೆ ಹೋದ. ಅಜ್ಜಾರು ಬಹಳ ಸಂಕೋಚದಿಂದ, "ಈ ಸಲ ನಾ ಮಾಡ್ಲೇನ್ರೀ?" ಎಂದು ಕೇಳಿದರು. ವಾಸುಮಾಮ ಒಪ್ಪಿದರು. ಅಜ್ಜಾರು ಕೂದಲಿಗೆ ಎಣ್ಣೆ ಹಚ್ಚಿ, ಬಿಳಿ ಪ್ಯಾಂಟು ಹಾಕಿ, ಕೆಮ್ಮದೆ ಪ್ರವೇಶಿಸಿದರು. ಚೆನ್ನಾಗೇ ಇದ್ದರು. ಹೀರೋಯಿನ್ ಎದುರು ಎರಡು ಹೆಜ್ಜೆ ಹಿಂದಕ್ಕೆ ಸರಿದು, ಮೀನಖಂಡದಿಂದ ಕುರ್ಚಿ ಮುಟ್ಟಿ ನೋಡಿ, ಮೆಲ್ಲಗೆ ಕುಳಿತರು. ಹೀರೋಯಿನ್ ಗೊತ್ತಿಲ್ಲದೆ ಸೆರಗು ಹೊದ್ದು ಕಾಲಿಗೆ ನಮಸ್ಕಾರ ಮಾಡಿದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಪರದೆ ಹಿಂದಿನ ಈ ಪ್ರಾಂಪ್ಟರು. ಅಜ್ಜಾರೂ ನಕ್ಕರು. ಆದರೆ ಮತ್ತೆಂದೂ ಕೇಳಲಿಲ್ಲ.

ಇನ್ನು ನನ್ನ ಅಪರಾಧಗಳಲ್ಲಿ ಪ್ರಸಿದ್ಧವಾದದ್ದು. ಆ ನಾಟಕದಲ್ಲಿ ಅಜ್ಜಾರು ಬಡ ರಿಟೈರ್ಡ್ ಮಾಸ್ತರ. ಮೊಮ್ಮಗಳಿಗೆ ಗಂಡು ಹುಡುಕಿ ಹುಡುಕಿ ಬೇಸತ್ತವರು. ಕೊನೆಗೊಂದು ಮನೆಯ ಬೀಗರು ಹೇಳದೆ ಕೇಳದೆ ಊಟದ ಹೊತ್ತಿಗೆ ಬಂದು ನಿಲ್ಲುತ್ತಾರೆ. ಮಾಸ್ತರ ಹೆಂಡತಿಯನ್ನು ಪಕ್ಕಕ್ಕೆ ಕರೆದು, 'ಈ ಮನೆಯಲ್ಲಿ ಒಂದು ಕಾಳೂ ಇಲ್ಲ' ಎನ್ನಬೇಕು. ಅವತ್ತು ಬೀಗನ ಪಾರ್ಟಿನವರು ಅರ್ಧ ಪುಟ ನುಂಗಿ ಮೊದಲೇ ಬಂದುಬಿಟ್ಟರು. ಅಜ್ಜಾರಿಗೆ ಜಾಗ ತಪ್ಪಿತು. ಖ್ಹೂಂ... ಖ್ಹೂಂ. 'ಹಾಂ' ಇಲ್ಲ. ನಾನು ಪುಸ್ತಕ ನೋಡಿದೆ. ಕೆ, ಎ, ಎಲ್, ಯು. ಧೈರ್ಯವಾಗಿ ಪಿಸುಗುಟ್ಟಿದೆ:

"ಈ ಮನೆಯಲ್ಲಿ ಒಂದು ಕಾಲೂ ಇಲ್ಲ!"

ನಟನಾದವನು ಪ್ರಾಂಪ್ಟನ್ನು ನಂಬುತ್ತಾನೆ. ಅಜ್ಜಾರು ದೊಡ್ಡ ದನಿಯಲ್ಲಿ, ಬೀಗರ ಮುಖಕ್ಕೇ ಹೇಳಿಬಿಟ್ಟರು: "ಈ ಮನ್ಯಾಗ ಒಂದ ಕಾಲೂ ಇಲ್ಲ."

ಹಾಲ್‌ನಲ್ಲಿ ಯಾರೋ ಕಿಸಕ್ಕೆಂದರು. ವೇದಿಕೆಯ ಮೇಲೆ ಎಂಟು ಕಾಲುಗಳು ಎಲ್ಲರಿಗೂ ಕಾಣುವಂತೆ ನಿಂತಿದ್ದವು. ನಾನು ಪರದೆಯನ್ನು ಬಾಯಿಗೆ ತುರುಕಿಕೊಂಡೆ. ಅಜ್ಜಾರು ತಮ್ಮ ಕಾಲು ನೋಡಿಕೊಂಡರು. ಬೀಗರನ್ನು ನೋಡಿದರು. ಕೋಲಿನ ಮೇಲೆ ಭಾರ ಬಿಟ್ಟು, ಖಾಲಿ ಕೈಯಿಂದ ತೊಡೆಯನ್ನು ಎರಡು ಸಲ ತಟ್ಟಿದರು.

"ಓಡಿ ಬಂದು ನಿಮಗ ನಮಸ್ಕಾರ ಮಾಡಾಕ ಒಂದ ಕಾಲೂ ಇಲ್ರೀ, ಬೀಗರ. ಎರಡು ಇದ್ದೂವು. ಹೆಣ್ಣಿನ ಜಾತಕ ಹಿಡಕೊಂಡು ನಿಮ್ಮಂಥಾವರ ಮನಿ ಬಾಗಲಾ ತುಳದ ತುಳದ ಸವದ ಹ್ವಾದುವು."

ನಗು ಅಲ್ಲೇ ನಿಂತಿತು. ಹಾಲ್ ತುಂಬ ಹೆಣ್ಣು ಹೆತ್ತವರು. ನನ್ನ ತಂದೆ ಮೂರನೆಯ ಸಾಲಿನಲ್ಲಿ ಕನ್ನಡಕ ತೆಗೆದು ಒರೆಸತೊಡಗಿದರು. ಆ ವರ್ಷ ಅವರೂ ನನ್ನ ಜಾತಕ ಹಿಡಿದು ಮಾಟುಂಗಾ, ಮುಲುಂದ್ ಎಂದು ಅಲೆಯುತ್ತಿದ್ದರು. ಹಿಂದಿನಿಂದ ಯಾರೋ "ವನ್ಸ್ ಮೋರ್!" ಎಂದು ಕೂಗಿದರು. ಅಜ್ಜಾರು ಇನ್ನೊಮ್ಮೆ ತೊಡೆ ತಟ್ಟಿ ಇನ್ನೊಮ್ಮೆ ಹೇಳಿದರು.

ಮುಂದಿನ ಎಲ್ಲ ಶೋಗಳಲ್ಲೂ ಕಾಳು ಹೋಗಿ ಕಾಲೇ ಉಳಿಯಿತು. ವಾಸುಮಾಮ ಪುಸ್ತಕದಲ್ಲೇ ತಿದ್ದಿದರು. ಕನ್ನಡ ನಾಟಕಕ್ಕೆ ನನ್ನ ಕಾಣಿಕೆ ಏನೆಂದು ಯಾರಾದರೂ ಕೇಳಿದರೆ, 'ಳ' ತೆಗೆದು 'ಲ' ಹಾಕಿದ್ದು ಎಂದು ಹೇಳಬಹುದು. ಯಾರೂ ಕೇಳಿಲ್ಲ.

ಆಮೇಲೆ ನನ್ನ ಮದುವೆ, ಮಗ, ಸಂಸಾರ. ಎಷ್ಟೇ ಇದ್ದರೂ ಮಂಡಳಿಯ ಭಾನುವಾರ ಬಿಡಲಿಲ್ಲ. ಕನ್ನಡ ಓದಲೂ ಕಲಿತೆ, ನಲವತ್ತಕ್ಕೆ. ಆ ಹೊತ್ತಿಗೆ ಅಜ್ಜಾರ ತಲೆ ನೆರೆಯತೊಡಗಿತ್ತು. ಒಂದು ದಿನ ನೋಡುತ್ತೇನೆ, ಜೆಟ್ ಬ್ಲ್ಯಾಕ್! ಡೈ ಹಚ್ಚಿದ್ದರು. ನಾಟಕದ ದಿನ ಆ ಡೈ ಮೇಲೆ ಎಂದಿನಂತೆ ಬಿಳಿ ಪೌಡರ್ ಮೆತ್ತುತ್ತಿದ್ದರು.

"ಅಜ್ಜಾರೇ, ಒಳಗೆ ಬಿಳಿ, ಅದರ ಮೇಲೆ ಕಪ್ಪು, ಅದರ ಮೇಲೆ ಬಿಳಿ! ಸುಮ್ಮನೆ ತೊಳೆದುಕೊಂಡು ಬನ್ನಿ, ಪೌಡರ್ ಉಳಿಯುತ್ತೆ," ಎಂದು ನಕ್ಕೆ.

ಅವರು ಕನ್ನಡಿಯಿಂದ ಮುಖ ತಿರುಗಿಸಲಿಲ್ಲ. "ಅದು ನನ್ನ ಮುಪ್ಪು, ಬಾಯಾರ. ಇದು ಪಾತ್ರದ್ದು. ಎರಡೂ ಕಲಸಬಾರದ್ರೀ."

ಎಂಥ ಆರ್ಟಿಸ್ಟಿಕ್ ಮಾತು ಎಂದು ಮೆಚ್ಚಿಕೊಂಡೆ. ಅರ್ಥವಾಯಿತೆಂದೇ ಅಂದುಕೊಂಡಿದ್ದೆ. ಕೊನೆಯ ವರ್ಷಗಳಲ್ಲಿ ಅವರು ಕೋಲಿಗೆ ಪೇಪರ್ ಸುತ್ತುವುದನ್ನು ಬಿಟ್ಟರು. ಸ್ಟೇಷನ್ನಿನಿಂದಲೇ ಊರುತ್ತ ಬರುತ್ತಿದ್ದರು. "ನೋಡಿ, ಅಜ್ಜಾರ ರಿಹರ್ಸಲ್ ರೋಡಿನಿಂದಲೇ ಶುರು!" ಎಂದು ಎಲ್ಲರನ್ನೂ ನಗಿಸಿದವಳೂ ನಾನೇ.

ಏಳು ವರ್ಷದ ಹಿಂದೆ ಮಂಡಳಿ ಮುಚ್ಚಿತು. ವಾಸುಮಾಮ ತೀರಿಕೊಂಡಿದ್ದರು. ಹೊಸ ಹುಡುಗರಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ಕೊನೆಯ ಶೋ ಅದೇ ಮಾಸ್ತರನ ನಾಟಕ. ಅಜ್ಜಾರು ತೊಡೆ ತಟ್ಟಿದರು, ಜನ ವನ್ಸ್ ಮೋರ್ ಕೂಗಿದರು, ಪರದೆ ಬಿತ್ತು. ಎಲ್ಲರೂ ನೆನಪಿಗೆ ಒಂದೊಂದು ವಸ್ತು ತೆಗೆದುಕೊಳ್ಳುತ್ತಿದ್ದರು. ಯಾರೋ ಕಿರೀಟ, ಯಾರೋ ಹಾರ್ಮೋನಿಯಂ. ನಾನು ಇಪ್ಪತ್ತರ ಹುಡುಗಿಯ ಹಾಗೆ ಕೈ ಮುಂದೆ ಮಾಡಿದೆ.

"ಅಜ್ಜಾರೇ, ನನಗೆ ಆ ಕೋಲು ಕೊಡಿ. ಆಸ್ ಎ ಸೂವೆನೀರ್!"

ಅವರು ಒಂದು ಕ್ಷಣ ಸುಮ್ಮನಿದ್ದರು. ಹತ್ತಿರಹತ್ತಿರ ಐವತ್ತು ವರ್ಷ ಅವರ ಪಾಜ್, ಮಾತಿನ ನಡುವಿನ ಆ ನಿಲುಗಡೆ, ನೋಡಿದವಳು ನಾನು. ಪಾಜ್ ತೆಗೆದುಕೊಳ್ಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ ಎಂದುಕೊಂಡೆ.

"ತಗೋರಿ, ಬಾಯಾರ," ಎಂದರು. "ಪಾತ್ರ ಮುಗೀತು. ಇನ್ನ ಕೋಲ ಯಾಕ?"

"ಸೋ ಸ್ವೀಟ್ ಆಫ್ ಯು!" ಎಂದು ಕಸಿದುಕೊಂಡು ಟ್ಯಾಕ್ಸಿ ಹತ್ತಿದೆ. ಮಾರನೆಯ ದಿನವೇ ಕಾರ್ಪೆಂಟರನ್ನು ಕರೆಸಿ ಎರಡು ಮೊಳೆ ಹೊಡೆಸಿದೆ.

ಆಮೇಲೆ ಒಂದೇ ಸಲ ಅವರನ್ನು ನೋಡಿದ್ದು. ಅದನ್ನು ಕೊನೆಗೆ ಹೇಳುತ್ತೇನೆ, ಹೇಳಲೇಬೇಕು. ಮೊದಲು ಉಳಿದದ್ದು. ಹಾಗೆ ನೋಡಿದ ಮರುದಿನವೇ ಕೋಲು ಹಿಂದಕ್ಕೆ ಕೊಡಬೇಕೆಂದು ಮೊಳೆಯಿಂದ ಇಳಿಸಿದೆ. ಅಂದು ಮಳೆ. ಮುಂದಿನ ವಾರ ಮನೆಗೆ ಪೇಂಟಿಂಗ್ ಕೆಲಸ. ಅದರ ಮುಂದಿನ ವಾರ ನಾಚಿಕೆ. ಕೊಡುವಾಗ ಏನು ಹೇಳಲಿ? ಒಂದೂವರೆ ತಿಂಗಳ ಮೇಲೆ ಜೋಗೇಶ್ವರಿಗೆ ಹೋದರೆ ಅವರ ಮನೆಗೆ ಬೀಗ. "ಆಜೋಬಾ? ಗಾವಾಲಾ ಗೇಲೇ, ಲೇಕೀಕಡೇ," ಎಂದಳು ಪಕ್ಕದ ಮನೆಯಾಕೆ. ಗದಗಿನ ಹತ್ತಿರ ಮಗಳ ಮನೆಗೆ ಹೋಗಿದ್ದರು. ಫೋನ್ ನಂಬರ್ ಹುಡುಕಿ ಹಿಡಿಯುವ ಹೊತ್ತಿಗೆ ಅವರು ತೀರಿಹೋಗಿ ಹನ್ನೆರಡು ದಿನವಾಗಿತ್ತು.

ನಾನು ಆ ಮಗಳಿಗೆ, ನಿಮ್ಮ ತಂದೆಯ ಕೋಲು ನನ್ನ ಹತ್ತಿರ ಇದೆ, ಕೊರಿಯರ್ ಮಾಡಲೇ ಎಂದೆ. ಆಕೆ ಅಳುತ್ತಿದ್ದವಳು ಒಂದಿಷ್ಟು ನಕ್ಕಂತೆ ಕೇಳಿಸಿತು.

"ಬ್ಯಾಡ್ರಿ, ಬಾಯಾರ. ಇಲ್ಲೆ ಬಂದ ಮ್ಯಾಲ ನಾನೂ ಕೇಳಿದ್ನಿ, ಅಪ್ಪಾ, ನಿನ್ನ ಕೋಲ ಎಲ್ಲಿ ಅಂತ. ಬಾಯಾರ ಮನ್ಯಾಗ ಐತಿ, ಇರ್ಲಿ ಬಿಡು, ಅವರಿಗೂ ಒಂದಿನ ಈ ಪಾರ್ಟ್ ಬರತೈತಿ ಅಂದ."

ಆ ಮಾತನ್ನು ಏಳು ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಮಾನಸಿ ಎಂದೋ ಕೋಲನ್ನು ಕೈಗೆ ಕೊಡುತ್ತಿದ್ದಳು. ಒಬ್ಬರ ಕಾಲನ್ನು ಕೇಳಿ ಪಡೆದು, ಗೋಡೆಗೆ ಹೊಡೆದು, ದೀಪಾವಳಿಗೆ ಲೈಟು ಸುತ್ತಿದವಳು, ಅದನ್ನೇ ಊರಿಕೊಂಡು ಯಾವ ಮುಖದಲ್ಲಿ ನಡೆಯುವುದು?

ಇವತ್ತು ಬೆಳಿಗ್ಗೆ ಬಾತ್‌ರೂಮಿನ ಬಾಗಿಲಲ್ಲಿ ಜಾರಿದೆ. ಬೀಳಲಿಲ್ಲ, ಮಾನಸಿ ಹಿಡಿದುಕೊಂಡಳು. "ಅಮ್ಮಾ, ಪ್ಲೀಸ್," ಎಂದಳು, ಅಷ್ಟೆ. ಕೋಲು ಇಳಿಸಲು ಹೇಳಿದೆ. ಅಷ್ಟು ವರ್ಷದಲ್ಲಿ ಮೊದಲ ಬಾರಿ ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಹಿತ್ತಾಳೆ ಟೋಪಿ ಒಂದು ಬದಿಗೆ ಓರೆಯಾಗಿ ಸವೆದುಹೋಗಿದೆ. ನಾಟಕದ ಹಲಗೆ ಹಿತ್ತಾಳೆಯನ್ನು ಹಾಗೆ ಸವೆಸುವುದಿಲ್ಲ. ಅದು ರೋಡಿನ ಕೆಲಸ, ಮೈಭಾರದ ಕೆಲಸ. ಎಡಗಾಲು ನೋಯುವುದರಿಂದ ಬಲಗೈಯಲ್ಲಿ ಹಿಡಿದೆ. ಹಿಡಿಯಲ್ಲಿ ಹೆಬ್ಬೆರಳ ಜಾಗ ಮೊದಲೇ ತಯಾರಿತ್ತು. ಹಾಲ್ ದಾಟಿದೆ. ಡೈನಿಂಗ್ ಟೇಬಲ್ ಹತ್ತಿರ ಎರಡು ಹೆಜ್ಜೆ ಹಿಂದಕ್ಕೆ ಸರಿದು, ಮೀನಖಂಡದಿಂದ ಕುರ್ಚಿ ಮುಟ್ಟಿ ಕುಳಿತೆ. ಮಾನಸಿ, "ಅರೇ ವಾ, ಅಮ್ಮಾ, ಏಕದಮ್ ಪ್ರೊಫೆಶನಲ್," ಎಂದಳು. ಅಲ್ಯೂಮಿನಿಯಂ ಕೋಲು ಈಗ ಬಾಲ್ಕನಿಯಲ್ಲಿ ತುಳಸಿ ಕುಂಡಕ್ಕೆ ಆಸರೆಯಾಗಿದೆ.

ಇನ್ನು ಆ ಒಂದು ಸಲ.

ಮಂಡಳಿ ಮುಚ್ಚಿ ನಾಲ್ಕು ತಿಂಗಳಾಗಿತ್ತು. ಬೆಳಿಗ್ಗೆ ಹನ್ನೊಂದರ ಸುಮಾರು, ದಾದರಿನಲ್ಲಿ ಸೀರೆಗೆ ಫಾಲ್ ಕೊಂಡು ಕುರ್ಲಾ ಕಡೆಯ ಸ್ಲೋ ಲೋಕಲ್ ಹತ್ತಿ, ಲೇಡೀಸ್ ಡಬ್ಬಿಯ ಕಿಟಕಿಯಲ್ಲಿ ಕುಳಿತಿದ್ದೆ. ಗಾಡಿ ಇನ್ನೂ ನಿಂತಿತ್ತು. ಎದುರಿಗೆ ಬ್ರಿಜ್ಜಿನ ಮೆಟ್ಟಿಲು. ನೋಡುತ್ತೇನೆ, ಅಜ್ಜಾರು! ಒಂದು ಕಾಲಿಟ್ಟು, ಎರಡನೆಯದನ್ನು ಅದರ ಪಕ್ಕಕ್ಕೆ ತಂದು, ಎಡಗೈಯಲ್ಲಿ ಕಂಬಿ ಹಿಡಿದು ಹತ್ತುತ್ತಿದ್ದಾರೆ. ಮೂರು ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದಾರೆ. ಜನ ಎರಡೂ ಬದಿಯಿಂದ ಹರಿದು ಹೋಗುತ್ತಿದ್ದಾರೆ. ಕೂದಲಿಗೆ ಡೈ ಇರಲಿಲ್ಲ. ಮಂಡಳಿ ಮುಚ್ಚಿದರೂ ಈ ಮನುಷ್ಯ ಪ್ರಾಕ್ಟೀಸ್ ಬಿಟ್ಟಿಲ್ಲವಲ್ಲ ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ, ಕಿಟಕಿಯ ಸರಳುಗಳ ನಡುವೆ ಎರಡೂ ಕೈ ತೂರಿಸಿ ಚಪ್ಪಾಳೆ ತಟ್ಟಿದೆ. ಕಾನ್ವೆಂಟಿನ ಎಲೊಕ್ಯೂಷನ್ ಗಂಟಲು. ಪ್ಲಾಟ್‌ಫಾರ್ಮ್ ಪೂರ್ತಿ ಕೇಳಿಸುವಂತೆ ಕೂಗಿದೆ:

"ಅಜ್ಜಾರೇ! ವನ್ಸ್ ಮೋರ್!"

ಅವರು ನಿಂತರು. ನಿಧಾನವಾಗಿ ತಿರುಗಿ, ದನಿ ಬಂದ ಕಡೆ ಹುಡುಕಿ, ನನ್ನನ್ನು ಕಂಡರು. ಮುಖ ಅರಳಿತು. ನೆಟ್ಟಗೆ ನಿಲ್ಲಲೆಂದು ಬಲಗೈಯನ್ನು ಪಕ್ಕಕ್ಕೆ ಚಾಚಿ ಭಾರ ಬಿಡಲು ಹೋದರು. ಕೈ ಗಾಳಿಯಲ್ಲಿ ಹಿಡಿ ಹುಡುಕಿ, ಏನೂ ಸಿಗದೆ ಮುಚ್ಚಿಕೊಂಡಿತು. ಒಂದಿಷ್ಟು ವಾಲಿದರು. ಬೇರೆ ಯಾರೋ ಹೆಗಲು ಹಿಡಿದರು. ಅಜ್ಜಾರು ಸಾವರಿಸಿಕೊಂಡು, ಅದೇ ಖಾಲಿ ಕೈಯಿಂದ, ನನ್ನನ್ನೇ ನೋಡುತ್ತ, ತೊಡೆಯನ್ನು ಎರಡು ಸಲ ತಟ್ಟಿದರು.

ನನ್ನ ಚಪ್ಪಾಳೆ ಕಿಟಕಿಯ ಹೊರಗೇ ನಿಂತುಹೋಯಿತು.

ಆಮೇಲೆ ಅವರ ಹೆಗಲು ಒಮ್ಮೆ ಅಲುಗಿತು, ಮತ್ತೊಮ್ಮೆ ಅಲುಗಿತು. ಸ್ಟೇಷನ್ನಿನ ಗದ್ದಲದಲ್ಲಿ ಕೆಮ್ಮು ಕೇಳಿಸಲಿಲ್ಲ, ಕಂಡಿತು. 'ಹಾಂ' ಎನ್ನಲು ಗದ್ದ ಮೇಲೇಳುವುದನ್ನು ಕಾದೆ. ಏಳಲಿಲ್ಲ. ಅಜ್ಜಾರು ಅಲ್ಲೇ, ಆರನೆಯ ಮೆಟ್ಟಿಲ ಮೇಲೆ, ನಗುತ್ತ ನನ್ನ ಮುಖ ನೋಡುತ್ತ ಕಾಯುತ್ತಿದ್ದರು. ನಾನು ಸರಳುಗಳಿಗೆ ಬಾಯಿ ತಂದೆ. ಗಾಡಿ ಹೊರಟಿತು.